ಕೆರೆಯ ನೀರಿನ ಆಮ್ಲಜನಕವನ್ನು ಹಗಲಿರುಳು ಅಳೆಯುವ ಕ್ರಮ: ಸಮಗ್ರ ಮಾರ್ಗದರ್ಶಿ

ಕಾಲೇಜಿನ ಪ್ರಾಜೆಕ್ಟ್ ತಂಡಗಳು ಮತ್ತು ಊರಿನ ಕೆರೆ ಸಮಿತಿಗಳು ಸಿದ್ಧಪಡಿಸುವ ವರದಿಗಳಲ್ಲಿ ಒಂದೇ ಬಗೆಯ ಸಾಲು ಮತ್ತೆ ಮತ್ತೆ ಕಾಣುತ್ತದೆ: ಬೆಳಿಗ್ಗೆ ಹನ್ನೊಂದು ಗಂಟೆಗೆ ದಡದಿಂದ ಒಂದು ಬಾಟಲಿ ನೀರು ತೆಗೆಯಲಾಯಿತು, ಕರಗಿದ ಆಮ್ಲಜನಕ ಲೀಟರಿಗೆ 8 ಮಿಲಿಗ್ರಾಂ ಇತ್ತು, ಆದ್ದರಿಂದ ಕೆರೆ ಆರೋಗ್ಯವಾಗಿದೆ. ನಾನೂ ಒಂದು ಬಯಲುಸೀಮೆಯ ಕೆರೆಯಲ್ಲಿ ಎಂಟು ತಿಂಗಳು ಹೀಗೆಯೇ ಅಳೆದೆ. ಎಲ್ಲ ಅಂಕಿಗಳೂ ಚೆನ್ನಾಗಿದ್ದವು. ಆ ಬೇಸಿಗೆಯ ಮೊದಲ ಮಳೆ ಬಿದ್ದ ಮರುದಿನ ಬೆಳಿಗ್ಗೆ ಏರಿಯ ಕಲ್ಲುಗಳ ಉದ್ದಕ್ಕೂ ಕಾಟ್ಲಾ ಮೀನುಗಳು ಬಿಳಿಯ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ನನ್ನ ಅಳತೆ ಸುಳ್ಳಾಗಿರಲಿಲ್ಲ. ಅಳೆದ ಹೊತ್ತು ತಪ್ಪಾಗಿತ್ತು.

ಹಸಿರುಗಟ್ಟಿದ ಕೆರೆಯಲ್ಲಿ ಪಾಚಿ ಹಗಲೆಲ್ಲ ಆಮ್ಲಜನಕವನ್ನು ತಯಾರಿಸುತ್ತದೆ. ಕತ್ತಲಾದ ಮೇಲೆ ತಯಾರಿ ನಿಲ್ಲುತ್ತದೆ, ಆದರೆ ಪಾಚಿ, ಮೀನು, ಬ್ಯಾಕ್ಟೀರಿಯಾ, ತಳದ ಹೂಳು ಎಲ್ಲವೂ ಆಮ್ಲಜನಕವನ್ನು ಬಳಸುತ್ತಲೇ ಇರುತ್ತವೆ. ಹಾಗಾಗಿ ಸೂರ್ಯೋದಯದ ಹೊತ್ತಿಗೆ ಮಟ್ಟ ಅತ್ಯಂತ ಕೆಳಗಿಳಿದಿರುತ್ತದೆ, ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ಅತ್ಯಂತ ಮೇಲೇರಿರುತ್ತದೆ. ಮೀನು ಬದುಕುವುದೂ ಸಾಯುವುದೂ ಮುಂಜಾವಿನ ಮಟ್ಟದ ಮೇಲೆ. ಆ ಮಟ್ಟವನ್ನು ತಿಳಿಯಬೇಕಾದರೆ ಕೆರೆಯ ಪಕ್ಕದಲ್ಲಿ ಒಂದು ಇಡೀ ಹಗಲು, ಒಂದು ಇಡೀ ರಾತ್ರಿ ಕೂರಬೇಕು. ಅದನ್ನು ಕ್ರಮವಾಗಿ ಮಾಡುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ.

ಹಂತ 1: ಅನುಮತಿ ಮತ್ತು ಮೊದಲ ಸುತ್ತು

ಕರ್ನಾಟಕದಲ್ಲಿ 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿರುವ ಕೆರೆಗಳು ಸಾಮಾನ್ಯವಾಗಿ ಪಂಚಾಯತಿಗಳ ಸುಪರ್ದಿಯಲ್ಲಿರುತ್ತವೆ. 40ರಿಂದ 2000 ಹೆಕ್ಟೇರಿನವರೆಗಿನವು ಸಣ್ಣ ನೀರಾವರಿ ಇಲಾಖೆಗೆ ಸೇರುತ್ತವೆ. ನಗರಗಳಲ್ಲಿ ಹೆಚ್ಚಿನ ಕೆರೆಗಳನ್ನು ಸ್ಥಳೀಯ ಸಂಸ್ಥೆಗಳೇ ನೋಡಿಕೊಳ್ಳುತ್ತವೆ. ರಾತ್ರಿ ಕೆರೆಯ ಬಳಿ ಇರುವುದರಿಂದ ಲಿಖಿತ ಅನುಮತಿಯ ಪ್ರತಿ ಕೈಯಲ್ಲಿರಲಿ. ಮೀನುಗಾರಿಕೆಯ ಗುತ್ತಿಗೆ ಪಡೆದವರಿಗೆ ಮುಂಚಿತವಾಗಿ ತಿಳಿಸಿ, ಇಲ್ಲದಿದ್ದರೆ ನಡುರಾತ್ರಿ ತೆಪ್ಪದಲ್ಲಿ ಕಂಡ ನಿಮ್ಮನ್ನು ಮೀನುಕಳ್ಳರೆಂದೇ ತಿಳಿದಾರು.

ಅಳತೆಯ ದಿನಕ್ಕೆ ವಾರದ ಮೊದಲು ಕೆರೆಯನ್ನು ಒಮ್ಮೆ ಪೂರ್ತಿ ಸುತ್ತಿ. ನೀರು ಒಳಬರುವ ಕಾಲುವೆಗಳು ಎಷ್ಟು, ಯಾವುದರಲ್ಲಿ ಕೊಳಚೆ ಹರಿಯುತ್ತಿದೆ, ಕೋಡಿ ಹರಿಯುತ್ತಿದೆಯೇ, ತೂಬು ತೆರೆದಿದೆಯೇ ಎಂಬುದನ್ನು ಬರೆದುಕೊಳ್ಳಿ. ನೀರುಗಂಟಿ ಇರುವ ಊರಾದರೆ ಅವರ ಜೊತೆ ಅರ್ಧ ಗಂಟೆ ಮಾತಾಡಿ. ಎಲ್ಲಿ ಆಳ, ಎಲ್ಲಿ ಹೂಳು ಕಾಲನ್ನು ಎಳೆಯುತ್ತದೆ, ಯಾವ ತಿಂಗಳಲ್ಲಿ ಮೀನು ಮುಂಜಾವಿಗೆ ಮೇಲೆ ಬಂದು ಬಾಯಿ ಬಿಡುತ್ತದೆ ಎಂಬುದು ಅವರಿಗೆ ಗೊತ್ತಿರುತ್ತದೆ.

ನೀರಿನ ಮೇಲಿನ ಸಸ್ಯಗಳನ್ನು ಗುರುತಿಸುವಾಗ ಒಂದು ಎಚ್ಚರಿಕೆ ಬೇಕು. ನಮ್ಮಲ್ಲಿ ಅಂತರಗಂಗೆ ಎಂಬ ಹೆಸರನ್ನು ಎರಡು ಬೇರೆ ಬೇರೆ ಸಸ್ಯಗಳಿಗೆ ಬಳಸುತ್ತಾರೆ: ಎಲೆಕೋಸಿನ ಸಣ್ಣ ಗಡ್ಡೆಯಂತೆ ತೇಲುವ, ನಯವಾದ ರೋಮಗಳಿರುವ ಎಲೆಯದು ಒಂದು, ಉಬ್ಬಿದ ತೊಟ್ಟು ಮತ್ತು ನೇರಳೆ ಹೂವಿನ ಜಲಕುಂಭಿ ಇನ್ನೊಂದು. ಹೆಸರಿನ ಜೊತೆ ಒಂದು ಚಿತ್ರವನ್ನೂ ತೆಗೆದಿಡಿ. ಕೆರೆಯ ಎಷ್ಟು ಭಾಗವನ್ನು ಸಸ್ಯ ಮುಚ್ಚಿದೆ ಎಂಬುದನ್ನು ಏರಿಯ ಮೇಲೆ ನಿಂತು ಅಂದಾಜಿಸಿ.

ಹಂತ 2: ಅಳೆಯುವ ತಾಣಗಳು

ದಡದ ಒಂದೇ ತಾಣ ಸಾಲದು. ಮೂರು ತಾಣಗಳನ್ನು ಆರಿಸಿಕೊಳ್ಳಿ: ಮುಖ್ಯ ಕಾಲುವೆ ಕೆರೆಗೆ ಸೇರುವ ಬಾಯಿಯಿಂದ ಸುಮಾರು ಹತ್ತು ಮೀಟರ್ ಒಳಗೆ ಒಂದು, ಸಸ್ಯ ದಟ್ಟವಾಗಿರುವ ಅಂಚಿನಲ್ಲಿ ಒಂದು, ಅತಿ ಆಳದ ಜಾಗದಲ್ಲಿ ಒಂದು. ಬಯಲುಸೀಮೆಯ ಕೆರೆಗಳಲ್ಲಿ ಅತಿ ಆಳದ ಜಾಗ ಕೆರೆಯ ನಡುವೆ ಇರುವುದಿಲ್ಲ, ಏರಿಗೆ ಹತ್ತಿರ, ತೂಬಿನ ಆಸುಪಾಸಿನಲ್ಲಿ ಇರುತ್ತದೆ. ಹೊಸಬರು ಇದನ್ನು ತಿಳಿಯದೆ ಕೆರೆಯ ಮಧ್ಯಕ್ಕೆ ತೆಪ್ಪ ಹಾಕಿ, ಸೊಂಟದಷ್ಟು ನೀರಿನಲ್ಲಿ ತಳದ ಮಾದರಿಯನ್ನು ಹುಡುಕುತ್ತಾರೆ.

ಆಳದ ತಾಣದಲ್ಲಿ ಎರಡು ಮಟ್ಟದ ನೀರು ಬೇಕು: ಮೇಲ್ಮೈಯಿಂದ 30 ಸೆಂಟಿಮೀಟರ್ ಕೆಳಗಿನದು ಮತ್ತು ತಳದಿಂದ 30 ಸೆಂಟಿಮೀಟರ್ ಮೇಲಿನದು. ಪ್ರತಿ ಮಟ್ಟದಲ್ಲೂ ಎರಡೆರಡು ಬಾಟಲಿ ತುಂಬಿ. ಉಳಿದೆರಡು ತಾಣಗಳಲ್ಲಿ ಮೇಲಿನ ಮಟ್ಟದ ಒಂದೊಂದು ಬಾಟಲಿ ಸಾಕು. ಅಲ್ಲಿಗೆ ಒಂದು ಸುತ್ತಿಗೆ ಆರು ಬಾಟಲಿ. ತೆಪ್ಪ ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಲ್ಲುವಂತೆ ಕಲ್ಲು ಕಟ್ಟಿದ ಹಗ್ಗಕ್ಕೆ ಖಾಲಿ ಪ್ಲಾಸ್ಟಿಕ್ ಕ್ಯಾನ್ ಸಿಕ್ಕಿಸಿ ತೇಲಿಬಿಡಿ. ಕ್ಯಾನಿನ ಮೇಲೆ ಪ್ರತಿಫಲಿಸುವ ಟೇಪು ಅಂಟಿಸಿದರೆ ಟಾರ್ಚಿನ ಬೆಳಕಿಗೆ ಹೊಳೆಯುತ್ತದೆ.

ಹಂತ 3: ಸಲಕರಣೆ ಮತ್ತು ದ್ರಾವಣಗಳು

ನಾನು ವಿಂಕ್ಲರ್ ವಿಧಾನವನ್ನೇ ಶಿಫಾರಸು ಮಾಡುತ್ತೇನೆ: ನೀರಿನಲ್ಲಿರುವ ಆಮ್ಲಜನಕಕ್ಕೆ ತಕ್ಕಷ್ಟು ಅಯೊಡಿನ್ ಬಿಡುಗಡೆ ಮಾಡಿಸಿ, ಆ ಅಯೊಡಿನನ್ನು ಥಯೋಸಲ್ಫೇಟ್ ದ್ರಾವಣದಿಂದ ಅಳೆಯುವ ವಿಧಾನ ಇದು. ಮೀಟರ್ ಇದ್ದರೆ ಬಳಸಿ, ಆದರೆ ಅದನ್ನು ವಿಂಕ್ಲರ್ ಅಳತೆಗೆ ಹೋಲಿಸಿ ನೋಡದೆ ನಂಬಬೇಡಿ. ಬಣ್ಣ ಬದಲಾಯಿಸುವ ಅಗ್ಗದ ಕಿಟ್‌ಗಳು ಈ ಕೆಲಸಕ್ಕೆ ತಕ್ಕವಲ್ಲ. 2 ಮಿಲಿಗ್ರಾಂಗೂ 4 ಮಿಲಿಗ್ರಾಂಗೂ ನಡುವಿನ ವ್ಯತ್ಯಾಸ ಮೀನಿನ ಜೀವದ ಪ್ರಶ್ನೆಯಾಗಿರುವಾಗ ಬಣ್ಣದ ಛಾಯೆಯನ್ನು ಟಾರ್ಚಿನ ಬೆಳಕಿನಲ್ಲಿ ಊಹಿಸುವುದು ಸರಿಯಲ್ಲ.

ಬೇಕಾದವುಗಳು ಇವು: ಗಾಜಿನ ಮುಚ್ಚಳವಿರುವ 300 ಮಿಲಿಲೀಟರಿನ ಬಿಒಡಿ (ಜೈವಿಕ ಆಮ್ಲಜನಕ ಬೇಡಿಕೆಯ ಪರೀಕ್ಷೆಗೆ ಬಳಸುವ) ಬಾಟಲಿಗಳು ಕನಿಷ್ಠ 18, 2 ಮಿಲಿಲೀಟರಿನ ಪಿಪೆಟ್‌ಗಳು ಮೂರು, ಪ್ರತಿಯೊಂದಕ್ಕೂ ಬೇರೆ ಬಣ್ಣದ ಟೇಪು, ಬ್ಯೂರೆಟ್ ಮತ್ತು ಸ್ಟ್ಯಾಂಡ್, ಅಗಲ ಬಾಯಿಯ ಶಂಕುಪಾತ್ರೆಗಳು, ಅಳತೆ ಜಾಡಿ, ಉಷ್ಣಮಾಪಕ, ಪಿಎಚ್ ಮೀಟರ್, ನೀರಿನ ತಿಳಿತನ ಅಳೆಯುವ ಸೆಕಿ ತಟ್ಟೆ, ಜೀವರಕ್ಷಕ ಜಾಕೆಟ್‌ಗಳು, ಕನ್ನಡಕ ಮತ್ತು ಕೈಗವಸು, ತ್ಯಾಜ್ಯ ದ್ರಾವಣಕ್ಕೆ ಒಂದು ದೊಡ್ಡ ಪ್ಲಾಸ್ಟಿಕ್ ಕ್ಯಾನು.

ದ್ರಾವಣಗಳು ಐದು: ಮ್ಯಾಂಗನೀಸ್ ಸಲ್ಫೇಟ್, ಆಲ್ಕಲಿ-ಅಯೊಡೈಡ್-ಅಜೈಡ್, ತೀವ್ರ ಸಲ್ಫ್ಯೂರಿಕ್ ಆಮ್ಲ, 0.025 ನಾರ್ಮಲ್ ಸೋಡಿಯಂ ಥಯೋಸಲ್ಫೇಟ್ ಮತ್ತು ಪಿಷ್ಟದ ದ್ರಾವಣ. ಮೂರು ಗಂಟೆಗೊಮ್ಮೆ ಒಂಬತ್ತು ಸುತ್ತು, ಸುತ್ತಿಗೆ ಆರು ಬಾಟಲಿ ಎಂದರೆ 54 ಬಾಟಲಿ. ಬಾಟಲಿಗೆ 2 ಮಿಲಿಲೀಟರಿನಂತೆ ಮೊದಲ ಮೂರು ದ್ರಾವಣಗಳು ತಲಾ 108 ಮಿಲಿಲೀಟರ್ ಖರ್ಚಾಗುತ್ತವೆ. 150 ಮಿಲಿಲೀಟರ್ ಇಟ್ಟುಕೊಳ್ಳಿ. ಥಯೋಸಲ್ಫೇಟ್ ಒಂದು ಲೀಟರ್ ಇರಲಿ.

ಥಯೋಸಲ್ಫೇಟ್ ತಯಾರಿಸಲು ಐದು ನೀರಿನ ಅಣುಗಳಿರುವ ಹರಳುಗಳನ್ನು 6.205 ಗ್ರಾಂ ತೂಗಿ, ಕುದಿಸಿ ಆರಿಸಿದ ಭಟ್ಟಿ ಇಳಿಸಿದ ನೀರಿನಲ್ಲಿ ಒಂದು ಲೀಟರಿಗೆ ಕರಗಿಸಬೇಕು. ಇದರ ಬಲ ದಿನ ಕಳೆದಂತೆ ಕುಗ್ಗುತ್ತದೆ. ಹೋದ ತಿಂಗಳ ದ್ರಾವಣವನ್ನು ಪರೀಕ್ಷಿಸದೆ ಬಳಸಿದ್ದೇ ನಾನು ಕಂಡ ಅರ್ಧದಷ್ಟು ತಪ್ಪು ಫಲಿತಾಂಶಗಳಿಗೆ ಕಾರಣ: ದ್ರಾವಣ ದುರ್ಬಲವಾದಷ್ಟೂ ಬ್ಯೂರೆಟ್ಟಿನಿಂದ ಹೆಚ್ಚು ಇಳಿಸಬೇಕಾಗುತ್ತದೆ, ಕೆರೆಯಲ್ಲಿ ಇಲ್ಲದ ಆಮ್ಲಜನಕ ಕಾಗದದ ಮೇಲೆ ಹುಟ್ಟಿಕೊಳ್ಳುತ್ತದೆ. ಅಳತೆಯ ಹಿಂದಿನ ದಿನ ಪೊಟ್ಯಾಸಿಯಂ ಡೈಕ್ರೋಮೇಟ್ ಅಥವಾ ಪೊಟ್ಯಾಸಿಯಂ ಅಯೊಡೇಟಿನಿಂದ ಇದರ ಬಲವನ್ನು ನಿರ್ಧರಿಸಿಕೊಳ್ಳಲೇಬೇಕು.

ಇನ್ನೆರಡು ಎಚ್ಚರಿಕೆಯ ಚಿಹ್ನೆಗಳಿವೆ. ಪಿಷ್ಟದ ದ್ರಾವಣ ಕಡುನೀಲಿಯ ಬದಲು ಕೆಂಪು ಮಿಶ್ರಿತ ನೇರಳೆ ಬಣ್ಣ ಕೊಟ್ಟರೆ ಅದು ಹಳಸಿದೆ ಎಂದರ್ಥ, ಹೊಸದನ್ನು ಕುದಿಸಿಕೊಳ್ಳಿ. ಆಲ್ಕಲಿ-ಅಯೊಡೈಡ್-ಅಜೈಡ್ ದ್ರಾವಣದ ಸ್ವಲ್ಪ ಭಾಗವನ್ನು ನೀರಿನಲ್ಲಿ ತೆಳುಮಾಡಿ, ಆಮ್ಲೀಯಗೊಳಿಸಿ, ಪಿಷ್ಟ ಹಾಕಿದಾಗ ಬಣ್ಣ ಬರಬಾರದು. ಬಂದರೆ ಅದರಲ್ಲಿ ಈಗಾಗಲೇ ಅಯೊಡಿನ್ ಬಿಡುಗಡೆಯಾಗಿದೆ, ಬಳಸಬೇಡಿ. ಅಜೈಡ್ ವಿಷ. ಆಮ್ಲದ ಜೊತೆ ಸೇರಿದಾಗ ಅದರಿಂದ ಹೊರಡುವ ಆವಿಯೂ ವಿಷ. ಈ ಪರೀಕ್ಷೆಯನ್ನೂ ಮುಂದಿನ ಆಮ್ಲದ ಕೆಲಸವನ್ನೂ ಗಾಳಿಯಾಡುವ ಜಾಗದಲ್ಲಿ, ಕೈಗವಸು ಧರಿಸಿ ಮಾಡಿ.

ಹಂತ 4: ಹೋಗುವ ಮುನ್ನ ಒಂದು ಪರೀಕ್ಷೆ

ಈ ಹಂತವನ್ನು ಬಹುತೇಕ ಎಲ್ಲರೂ ಬಿಟ್ಟುಬಿಡುತ್ತಾರೆ, ಆದ್ದರಿಂದ ತಮ್ಮ ಕೈ ಸರಿಯಿದೆಯೇ ಎಂಬುದು ಅವರಿಗೆ ಕೊನೆಯವರೆಗೂ ತಿಳಿಯುವುದಿಲ್ಲ. ಒಂದು ಬಕೆಟ್ ಸ್ವಚ್ಛ ಬಾವಿ ನೀರಿಗೆ ಮೀನಿನ ತೊಟ್ಟಿಯ ಪಂಪಿನಿಂದ ಎರಡು ಗಂಟೆ ಗಾಳಿ ಊದಿ, ಪಂಪ್ ನಿಲ್ಲಿಸಿ ಕಾಲು ಗಂಟೆ ಬಿಟ್ಟು ಆಮ್ಲಜನಕವನ್ನು ಅಳೆಯಿರಿ. ಕ್ಲೋರಿನ್ ಬೆರೆಸಿದ ನಲ್ಲಿ ನೀರು ಬೇಡ, ಅದು ತಾನೇ ಅಯೊಡಿನ್ ಬಿಡುಗಡೆ ಮಾಡಿ ಅಂಕಿಯನ್ನು ಹೆಚ್ಚಿಸುತ್ತದೆ.

ಗಾಳಿಯಿಂದ ಪೂರ್ತಿ ತಣಿದ, ಅಂದರೆ ಇನ್ನು ಹೆಚ್ಚು ಆಮ್ಲಜನಕವನ್ನು ಗಾಳಿಯಿಂದ ಹೀರಲಾರದ ನೀರಿನಲ್ಲಿ ಸಮುದ್ರಮಟ್ಟದಲ್ಲಿ 20 ಡಿಗ್ರಿ ಸೆಲ್ಸಿಯಸ್‌ಗೆ 9.1, 25 ಡಿಗ್ರಿಗೆ 8.3, 30 ಡಿಗ್ರಿಗೆ 7.6 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. ಇದು ಮಂಗಳೂರಿನಲ್ಲಿರುವವರಿಗೆ ಸರಿ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಗಾಳಿಯ ಒತ್ತಡ ಕಡಿಮೆ, ಅಂಕಿಗಳೂ ಸುಮಾರು ಹತ್ತನೆಯ ಒಂದು ಭಾಗದಷ್ಟು ಇಳಿಯುತ್ತವೆ. 25 ಡಿಗ್ರಿಗೆ 7.4ರ ಆಸುಪಾಸು ಬರಬೇಕು. ನಿಮ್ಮ ಫಲಿತಾಂಶ ಇದರಿಂದ 0.3 ಮಿಲಿಗ್ರಾಂಗಿಂತ ಹೆಚ್ಚು ಆಚೀಚೆ ಇದ್ದರೆ ಕೆರೆಗೆ ಹೋಗಬೇಡಿ, ಮೊದಲು ದ್ರಾವಣಗಳನ್ನು ಸರಿಪಡಿಸಿಕೊಳ್ಳಿ. ಮೀಟರಿನಲ್ಲೂ ಈ ಎತ್ತರವನ್ನು ದಾಖಲಿಸದೆ ಬಳಸಿದರೆ ಅದೇ ಪ್ರಮಾಣದ ತಪ್ಪು ಪ್ರತಿ ಓದಿನಲ್ಲೂ ನುಸುಳುತ್ತದೆ.

ಹಂತ 5: ಗಾಳಿ ಬೆರೆಯದಂತೆ ನೀರು ತೆಗೆಯುವುದು

ಬಕೆಟ್ಟಿನಿಂದ ನೀರೆತ್ತಿ ಬಾಟಲಿಗೆ ಸುರಿದರೆ ಆ ಸುರಿಯುವಿಕೆಯಲ್ಲೇ ಗಾಳಿ ಕರಗುತ್ತದೆ. ಆಮ್ಲಜನಕ ಕಡಿಮೆಯಿರುವ ನೀರಿನಲ್ಲಿ ಈ ತಪ್ಪು ದೊಡ್ಡದು, ನೀವು ಹುಡುಕುತ್ತಿರುವುದೂ ಅದೇ ನೀರನ್ನು. ಆದ್ದರಿಂದ ಸರಳವಾದ ಒಂದು ಸಾಧನವನ್ನು ಮಾಡಿಕೊಳ್ಳಿ.

ಬಿಒಡಿ ಬಾಟಲಿ ಒಳಗೆ ನಿಲ್ಲುವಂಥ, ಅದರ ನಾಲ್ಕರಷ್ಟು ನೀರು ಹಿಡಿಯುವ, ಬಿಗಿ ಮುಚ್ಚಳದ ಒಂದು ಡಬ್ಬಿ ಬೇಕು. ಮುಚ್ಚಳಕ್ಕೆ ಎರಡು ತೂತು ಮಾಡಿ ಎರಡು ಕೊಳವೆ ತೂರಿಸಿ. ಒಂದು ಕೊಳವೆ ಒಳಗಿರುವ ಬಿಒಡಿ ಬಾಟಲಿಯ ತಳದವರೆಗೆ ಇಳಿಯಬೇಕು. ನೀರು ಒಳಬರುವುದು ಇದರಿಂದ. ಇನ್ನೊಂದು ಮುಚ್ಚಳದ ಒಳಮೈಗೆ ಸರಿಯಾಗಿ ನಿಲ್ಲಬೇಕು. ಗಾಳಿ ಹೊರಹೋಗುವುದು ಇದರಿಂದ, ಹಾಗಾಗಿ ಇದರ ಹೊರತುದಿ ಮೊದಲನೆಯದಕ್ಕಿಂತ ಎತ್ತರದಲ್ಲಿರಲಿ. ಡಬ್ಬಿಯ ಅಡಿಗೆ ಭಾರ ಕಟ್ಟಿ. ಒಳಬರುವ ಕೊಳವೆಯ ಬಾಯಿಗೆ ದಾರ ಕಟ್ಟಿದ ಬಿರಡೆ ಹಾಕಿ, ಅಳತೆ ಗುರುತಿಸಿದ ಹಗ್ಗದಲ್ಲಿ ಬೇಕಾದ ಆಳಕ್ಕೆ ಇಳಿಸಿ, ದಾರವನ್ನು ಎಳೆದು ಬಿರಡೆ ಕಳಚಿ. ನೀರು ಮೊದಲು ಬಾಟಲಿಯನ್ನು ತುಂಬಿ, ಅದರ ಬಾಯಿಯಿಂದ ಉಕ್ಕಿ ಡಬ್ಬಿಯನ್ನು ತುಂಬುತ್ತದೆ. ಗಾಳಿ ತಾಕಿದ ಮೊದಲ ನೀರು ಉಕ್ಕಿಹೋಗಿ ಬಾಟಲಿಯಲ್ಲಿ ಶುದ್ಧ ಮಾದರಿ ಉಳಿಯುತ್ತದೆ. ಮೇಲೆ ಬರುವ ಗುಳ್ಳೆಗಳು ನಿಂತ ಮೇಲೆ ಡಬ್ಬಿಯನ್ನು ಎತ್ತಿ.

ತೆಪ್ಪವನ್ನು ಗಳುವಿನಿಂದ ನಡೆಸಿದ್ದರೆ ತಳದ ಹೂಳು ಕದಡಿರುತ್ತದೆ. ತಾಣ ತಲುಪಿದ ಮೇಲೆ ಐದು ನಿಮಿಷ ಸುಮ್ಮನೆ ಕುಳಿತು, ನಂತರ ಮೊದಲು ಮೇಲಿನ ಮಟ್ಟದ ನೀರು, ಆಮೇಲೆ ತಳದ ನೀರು ತೆಗೆಯಿರಿ. ಈ ಕ್ರಮವನ್ನು ತಿರುಗಿಸಬೇಡಿ.

ಹಂತ 6: ಹೊತ್ತಿನ ಪಟ್ಟಿ

ಅಳತೆಯನ್ನು ಗಡಿಯಾರಕ್ಕೆ ಕಟ್ಟದೆ ಸೂರ್ಯನಿಗೆ ಕಟ್ಟಿ. ಬೆಂಗಳೂರಿನಲ್ಲಿ ಜನವರಿಯ ಸೂರ್ಯೋದಯ ಆರೂ ಮುಕ್ಕಾಲರ ಹೊತ್ತಿಗೆ, ಜೂನ್ ಆರಂಭದಲ್ಲಿ ಆರಕ್ಕೆ ಸ್ವಲ್ಪ ಮೊದಲೇ. ಸೂರ್ಯೋದಯದಲ್ಲಿ ಮೊದಲ ಸುತ್ತು ಆರಂಭಿಸಿ ಮೂರು ಗಂಟೆಗೊಮ್ಮೆ ಮುಂದುವರಿದರೆ ಮರುದಿನದ ಸೂರ್ಯೋದಯಕ್ಕೆ ಒಂಬತ್ತನೆಯ ಸುತ್ತು ಮುಗಿಯುತ್ತದೆ. ಕೊನೆಯ ಸುತ್ತು ಸೂರ್ಯೋದಯದ ಅರ್ಧ ಗಂಟೆಯ ಒಳಗೇ ಮುಗಿಯಬೇಕು. ರಾತ್ರಿ ಎಚ್ಚರವಿದ್ದು ದಣಿದ ತಂಡಗಳು ಇದನ್ನೇ ಏಳೂವರೆಗೆ ಮುಂದೂಡುತ್ತವೆ. ಅಷ್ಟು ಹೊತ್ತಿಗೆ ಪಾಚಿ ಕೆಲಸ ಆರಂಭಿಸಿರುತ್ತದೆ, ಕನಿಷ್ಠ ಮಟ್ಟ ಕೈತಪ್ಪುತ್ತದೆ. ಸಿಬ್ಬಂದಿ ಕಡಿಮೆಯಿದ್ದು ಎರಡೇ ಸುತ್ತು ಸಾಧ್ಯವೆಂದಾದರೆ ಸೂರ್ಯೋದಯ ಮತ್ತು ಮಧ್ಯಾಹ್ನ ಮೂರು ಗಂಟೆಯನ್ನು ಆರಿಸಿ. ಒಂದೇ ಸಾಧ್ಯವೆಂದಾದರೆ ಸೂರ್ಯೋದಯ.

ನೀರಿಗೆ ಇಳಿಯುವಾಗ ಯಾವಾಗಲೂ ಇಬ್ಬರು ತೆಪ್ಪದಲ್ಲಿ, ಒಬ್ಬರು ದಡದಲ್ಲಿ ಇರಬೇಕು. ಜಾಕೆಟ್ ಇಲ್ಲದೆ ಯಾರೂ ತೆಪ್ಪ ಹತ್ತಬಾರದು, ಈಜು ಬಂದರೂ ಸರಿಯೇ. ಹೂಳಿನಲ್ಲಿ ಸಿಕ್ಕ ಕಾಲಿಗೆ ಈಜು ನೆರವಾಗುವುದಿಲ್ಲ. ಕೊಳಚೆ ಸೇರುವ ಕೆರೆಗಳಲ್ಲಿ ಇಲಿಜ್ವರದ ಅಪಾಯವಿದೆ, ಕಾಲಿನಲ್ಲಿ ಗಾಯವಿರುವವರು ದಡದ ಕೆಲಸ ನೋಡಿಕೊಳ್ಳಲಿ.

ಹಂತ 7: ಆಮ್ಲಜನಕವನ್ನು ಬಾಟಲಿಯಲ್ಲೇ ಹಿಡಿದಿಡುವುದು

ನೀರು ಮೇಲೆ ಬಂದ ಕ್ಷಣದಿಂದ ಬಾಟಲಿಯೊಳಗಿನ ಜೀವಿಗಳು ಆಮ್ಲಜನಕವನ್ನು ಬಳಸುತ್ತಿರುತ್ತವೆ ಅಥವಾ ತಯಾರಿಸುತ್ತಿರುತ್ತವೆ. ಆದ್ದರಿಂದ ಮೊದಲೆರಡು ದ್ರಾವಣಗಳನ್ನು ತೆಪ್ಪದಲ್ಲೇ ಹಾಕಬೇಕು. ದಡಕ್ಕೆ ತಂದು ಹಾಕೋಣವೆಂದು ಮುಂದೂಡಬೇಡಿ.

ಮೊದಲು 2 ಮಿಲಿಲೀಟರ್ ಮ್ಯಾಂಗನೀಸ್ ಸಲ್ಫೇಟನ್ನು, ಪಿಪೆಟ್ಟಿನ ತುದಿ ನೀರಿನ ಮೇಲ್ಮೈಗಿಂತ ಕೆಳಗಿರುವಂತೆ ಹಿಡಿದು ಬಿಡಿ. ನಂತರ ಬೇರೆ ಪಿಪೆಟ್ಟಿನಿಂದ 2 ಮಿಲಿಲೀಟರ್ ಆಲ್ಕಲಿ-ಅಯೊಡೈಡ್-ಅಜೈಡ್ ಹಾಕಿ. ಪಿಪೆಟ್‌ಗಳು ಅದಲುಬದಲಾದರೆ ಕೊಳವೆಯೊಳಗೇ ಮಡ್ಡಿ ಕಟ್ಟುತ್ತದೆ. ಬಣ್ಣದ ಟೇಪು ಇರುವುದು ಅದಕ್ಕಾಗಿ. ಗಾಜಿನ ಮುಚ್ಚಳವನ್ನು ಓರೆಯಾಗಿ ಜಾರಿಸಿ ಮುಚ್ಚಿ, ಒಳಗೆ ಗುಳ್ಳೆ ಉಳಿದಿಲ್ಲವೆಂದು ಬಾಟಲಿಯನ್ನು ಬೋರಲು ಹಾಕಿ ನೋಡಿ. ಸಾಸಿವೆ ಕಾಳಿನಷ್ಟು ಗುಳ್ಳೆ ಕಂಡರೂ ಆ ಬಾಟಲಿಯನ್ನು ಬಿಟ್ಟು ಹೊಸ ಮಾದರಿ ತೆಗೆಯಿರಿ. ಗುಳ್ಳೆ ಇಲ್ಲದಿದ್ದರೆ ಹದಿನೈದು ಇಪ್ಪತ್ತು ಸಲ ಮೇಲೆ ಕೆಳಗೆ ತಿರುಗಿಸಿ.

ಈಗ ಬಾಟಲಿಯೊಳಗೆ ಮಡ್ಡಿ ಕಟ್ಟುತ್ತದೆ. ಇದರ ಬಣ್ಣವನ್ನು ಗಮನವಿಟ್ಟು ನೋಡಿ, ಏಕೆಂದರೆ ಬ್ಯೂರೆಟ್ಟಿನಿಂದ ಹನಿಹನಿಯಾಗಿ ದ್ರಾವಣ ಬಿಟ್ಟು ಅಳೆಯುವ ಟೈಟ್ರೇಷನ್‌ಗಿಂತ ಮೊದಲೇ ಕೆರೆ ಇಲ್ಲಿ ಉತ್ತರ ಕೊಟ್ಟಿರುತ್ತದೆ. ಆಮ್ಲಜನಕ ಚೆನ್ನಾಗಿದ್ದರೆ ಮಡ್ಡಿ ಕಾಫಿಪುಡಿಯ ಕಂದು. ಕಡಿಮೆಯಿದ್ದರೆ ತಿಳಿ ಕಂದು, ಕೆನೆಯ ಬಣ್ಣ. ಏನೂ ಇಲ್ಲದಿದ್ದರೆ ಬಿಳಿ. ಒಂದು ಫೆಬ್ರವರಿಯ ಮುಂಜಾವಿನಲ್ಲಿ ತಳದ ಬಾಟಲಿಯೊಳಗೆ ಸುಣ್ಣದಂತೆ ಬೆಳ್ಳಗಿನ ಮಡ್ಡಿ ನಿಧಾನವಾಗಿ ಇಳಿಯುವುದನ್ನು ಟಾರ್ಚ್ ಹಿಡಿದು ನೋಡಿದ ಮೀನುಗಾರರೊಬ್ಬರು ಮಾರನೆಯ ದಿನ ಬೆಳಕು ಹರಿಯುವ ಮೊದಲೇ ಬಂದು ನಮ್ಮ ಜೊತೆ ಕುಳಿತರು. ಬಣ್ಣವನ್ನು ಪ್ರತಿ ಬಾಟಲಿಗೂ ಬರೆದಿಡಿ. ಮಡ್ಡಿ ಬಿಳಿಯಾಗಿದ್ದು ಲೆಕ್ಕದಲ್ಲಿ 4 ಮಿಲಿಗ್ರಾಂ ಬಂದರೆ ಟೈಟ್ರೇಷನ್‌ನಲ್ಲಿ ಎಲ್ಲೋ ತಪ್ಪಾಗಿದೆ.

ಮಡ್ಡಿ ಅರ್ಧದಷ್ಟು ಇಳಿದ ಮೇಲೆ ಮತ್ತೊಮ್ಮೆ ತಿರುಗಿಸಿ, ಪುನಃ ಇಳಿಯಲು ಬಿಡಿ. ದಡಕ್ಕೆ ಬಂದ ನಂತರ 2 ಮಿಲಿಲೀಟರ್ ಸಲ್ಫ್ಯೂರಿಕ್ ಆಮ್ಲವನ್ನು ಬಾಟಲಿಯ ಕುತ್ತಿಗೆಯ ಒಳಗೋಡೆಯ ಮೇಲೆ ಹರಿಯುವಂತೆ ಹಾಕಿ, ಮುಚ್ಚಿ, ತಿರುಗಿಸಿ. ಅಲುಗಾಡುವ ತೆಪ್ಪದಲ್ಲಿ ತೀವ್ರ ಆಮ್ಲದ ಸೀಸೆಯನ್ನು ತೆರೆಯುವುದು ಅಪಾಯಕರ, ಈ ಒಂದು ದ್ರಾವಣವನ್ನು ಮಾತ್ರ ದಡದಲ್ಲೇ ಇಡಿ. ಮಡ್ಡಿ ಪೂರ್ತಿ ಕರಗಿ ನೀರು ಹೊಂಬಣ್ಣಕ್ಕೆ ತಿರುಗಬೇಕು. ಈ ಸ್ಥಿತಿಯಲ್ಲಿ ಬಾಟಲಿಯನ್ನು ಕತ್ತಲಲ್ಲಿ ಎಂಟು ಗಂಟೆಯವರೆಗೆ ಇಡಬಹುದು, ಎರಡು ಸುತ್ತುಗಳ ಬಾಟಲಿಗಳನ್ನು ಒಟ್ಟಿಗೆ ಪರೀಕ್ಷಿಸಲು ಅಷ್ಟು ಸಮಯ ಸಾಕು.

ಹಂತ 8: ಟೈಟ್ರೇಷನ್

ಬಾಟಲಿಯಿಂದ 203 ಮಿಲಿಲೀಟರ್ ಅಳೆದು ಶಂಕುಪಾತ್ರೆಗೆ ಹಾಕಿ. 200 ಅಲ್ಲ, 203: ಮೊದಲೆರಡು ದ್ರಾವಣಗಳ 4 ಮಿಲಿಲೀಟರ್ ಅಷ್ಟೇ ಪ್ರಮಾಣದ ಕೆರೆ ನೀರನ್ನು ಹೊರಗೆ ತಳ್ಳಿರುವುದರಿಂದ, 200 ಮಿಲಿಲೀಟರ್ ಮೂಲ ನೀರು ದಕ್ಕಬೇಕಾದರೆ ಇಷ್ಟು ಬೇಕು. ಥಯೋಸಲ್ಫೇಟನ್ನು ಹನಿಹನಿಯಾಗಿ ಬಿಡುತ್ತಾ, ಬಣ್ಣ ಒಣಹುಲ್ಲಿನ ತಿಳಿ ಹಳದಿಗೆ ಬಂದಾಗ ಕೆಲವು ಹನಿ ಪಿಷ್ಟ ಹಾಕಿ. ನೀರು ನೀಲಿಯಾಗುತ್ತದೆ. ನೀಲಿ ಮೊದಲ ಬಾರಿ ಮಾಯವಾದ ಹನಿಯಲ್ಲೇ ನಿಲ್ಲಿಸಿ. ಈ ಬಲದ ದ್ರಾವಣಕ್ಕೆ ಖರ್ಚಾದ ಒಂದೊಂದು ಮಿಲಿಲೀಟರ್ ಎಂದರೆ ಲೀಟರಿಗೆ ಒಂದೊಂದು ಮಿಲಿಗ್ರಾಂ ಆಮ್ಲಜನಕ.

ಪಿಷ್ಟವನ್ನು ಮೊದಲೇ, ಬಣ್ಣ ಗಾಢವಾಗಿರುವಾಗಲೇ ಹಾಕಿದರೆ ಅಯೊಡಿನ್ ಅದಕ್ಕೆ ಬಿಗಿಯಾಗಿ ಅಂಟಿಕೊಂಡು, ನೀಲಿ ಮಾಯವಾಗುವ ಕೊನೆಯ ಬಿಂದು ತಡವಾಗಿ, ಅಸ್ಪಷ್ಟವಾಗಿ ಬರುತ್ತದೆ. ಕೆಲ ನಿಮಿಷಗಳ ನಂತರ ನೀಲಿ ಮತ್ತೆ ಮೂಡಿದರೆ ಅದಕ್ಕೆ ಥಯೋಸಲ್ಫೇಟ್ ಸೇರಿಸಬೇಡಿ. ತಕ್ಷಣವೇ, ಮತ್ತೆ ಮತ್ತೆ ಮೂಡುತ್ತಿದ್ದರೆ ನೀರಿನಲ್ಲಿ ನೈಟ್ರೈಟ್ ಹೆಚ್ಚಿದ್ದು ಅಜೈಡ್ ದುರ್ಬಲವಾಗಿದೆ ಎಂದು ಅನುಮಾನಿಸಬೇಕು. ಜೋಡಿ ಬಾಟಲಿಗಳ ನಡುವೆ 0.2 ಮಿಲಿಗ್ರಾಂಗಿಂತ ಹೆಚ್ಚು ಅಂತರ ಬಂದರೆ ಎರಡನ್ನೂ ಬರೆದು ಪಕ್ಕದಲ್ಲಿ ಗುರುತು ಹಾಕಿ. ಚೆಂದ ಕಂಡದ್ದನ್ನು ಮಾತ್ರ ಇಟ್ಟುಕೊಳ್ಳಬೇಡಿ.

ಉಳಿದ ದ್ರಾವಣಗಳೆಲ್ಲ ತ್ಯಾಜ್ಯದ ಕ್ಯಾನಿಗೆ ಹೋಗಬೇಕು. ಕೆರೆಯ ಅಂಗಳಕ್ಕೂ ಲೋಹದ ಚರಂಡಿ ಕೊಳವೆಗೂ ಚೆಲ್ಲಬಾರದು. ಅಜೈಡ್ ತಾಮ್ರ ಮತ್ತು ಸೀಸದ ಜೊತೆ ಸೇರಿ ಸ್ಫೋಟಕವಾಗಬಲ್ಲದು. ಪ್ರಯೋಗಾಲಯಕ್ಕೆ ಹಿಂತಿರುಗಿಸಿ.

ಹಂತ 9: ಜೊತೆಗೆ ಬರೆಯಬೇಕಾದ ಇತರ ಅಳತೆಗಳು

ಪ್ರತಿ ಸುತ್ತಿನಲ್ಲೂ ಎರಡೂ ಮಟ್ಟಗಳ ಉಷ್ಣತೆ ಮತ್ತು ಪಿಎಚ್, ಜೊತೆಗೆ ಗಾಳಿ, ಮೋಡಗಳನ್ನು ಬರೆಯಿರಿ. ಸೆಕಿ ತಟ್ಟೆಯನ್ನು ಹಗಲಿನ ಸುತ್ತುಗಳಲ್ಲಿ ಮಾತ್ರ, ತೆಪ್ಪದ ನೆರಳಿನ ಬದಿಯಲ್ಲಿ ಇಳಿಸಿ, ಕಣ್ಮರೆಯಾದ ಆಳ ಮತ್ತು ಮತ್ತೆ ಕಂಡ ಆಳದ ಸರಾಸರಿಯನ್ನು ತೆಗೆದುಕೊಳ್ಳಿ. 20 ಸೆಂಟಿಮೀಟರ್ ಅಗಲದ, ಕಪ್ಪು ಬಿಳುಪು ಕಾಲುಭಾಗಗಳ ತಟ್ಟೆ ಇದು, ಮನೆಯಲ್ಲೇ ಮಾಡಿಕೊಳ್ಳಬಹುದು. ನಮ್ಮ ಕೆರೆಗಳಲ್ಲಿ ಮಳೆಯ ನಂತರ ಕೆಮ್ಮಣ್ಣೇ ತಟ್ಟೆಯನ್ನು ಮರೆಮಾಡುತ್ತದೆ, ಅದನ್ನು ಪಾಚಿಯ ಲೆಕ್ಕಕ್ಕೆ ಸೇರಿಸಬಾರದು.

ನೀರು ಹಸಿರಾಗಿದ್ದರೆ ಗಾಜಿನ ಜಾಡಿಯೊಂದರಲ್ಲಿ ಮುಕ್ಕಾಲು ತುಂಬಿ ಅಲುಗಿಸದೆ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೇಲೆ ಹಸಿರು ಉಂಗುರ ಕಟ್ಟಿದ್ದರೆ ಅದು ಹೆಚ್ಚಾಗಿ ತೇಲುವ ಸಯನೋಬ್ಯಾಕ್ಟೀರಿಯಾ (ನೀಲಿ-ಹಸಿರು ಪಾಚಿ). ಅದರ ಕೆಲವು ಬಗೆಗಳು ವಿಷ ಉಂಟುಮಾಡುವುದರಿಂದ ಆ ನೀರನ್ನು ದನಗಳಿಗೆ ಕುಡಿಸದಂತೆ ಊರಿನವರಿಗೆ ತಿಳಿಸಿ.

ಪಿಎಚ್ ಅನ್ನು ಹಗುರವಾಗಿ ಕಾಣಬೇಡಿ. ಪಾಚಿ ಇಂಗಾಲದ ಡೈಆಕ್ಸೈಡನ್ನು ಹೀರಿದಂತೆ ಮಧ್ಯಾಹ್ನ ಪಿಎಚ್ 9ನ್ನು ದಾಟಬಹುದು. ಕೊಳಚೆಯಿಂದ ಬಂದ ಅಮೋನಿಯಾದಲ್ಲಿ ಮೀನಿಗೆ ವಿಷವಾಗುವ ಮುಕ್ತ ರೂಪದ ಪಾಲು 25 ಡಿಗ್ರಿಯಲ್ಲಿ ಪಿಎಚ್ 7 ಇದ್ದಾಗ ನೂರಕ್ಕೆ ಒಂದಕ್ಕಿಂತ ಕಡಿಮೆ, 8ರಲ್ಲಿ ಸುಮಾರು ಐದು, 9ರಲ್ಲಿ ಮೂವತ್ತೈದಕ್ಕೂ ಹೆಚ್ಚು. ಹೀಗೆ ಒಂದೇ ಕೆರೆಯಲ್ಲಿ ಮುಂಜಾವಿಗೆ ಉಸಿರಿಲ್ಲದೆ, ಮಧ್ಯಾಹ್ನ ಅಮೋನಿಯಾದಿಂದ ಮೀನು ಸಂಕಟಪಡಬಹುದು. ಸತ್ತ ಹೊತ್ತನ್ನು ತಿಳಿಯದೆ ಕಾರಣವನ್ನು ಹೇಳಲಾಗದು.

ಹಂತ 10: ಲೆಕ್ಕ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಆಳದ ತಾಣದ ಮೇಲಿನ ನೀರಿನಲ್ಲಿ ಬೆಳಿಗ್ಗೆ 6ಕ್ಕೆ 3.4, 9ಕ್ಕೆ 5.6, ಮಧ್ಯಾಹ್ನ 12ಕ್ಕೆ 8.7, 3ಕ್ಕೆ 11.9, ಸಂಜೆ 6ಕ್ಕೆ 10.6, ರಾತ್ರಿ 9ಕ್ಕೆ 8.1, 12ಕ್ಕೆ 6.0, 3ಕ್ಕೆ 4.3, ಮರುದಿನ 6ಕ್ಕೆ 2.8 ಮಿಲಿಗ್ರಾಂ ಬಂದಿದೆ ಎಂದಿಟ್ಟುಕೊಳ್ಳಿ.

ರಾತ್ರಿಯ ಇಳಿಕೆಯೇ ಕೆರೆಯ ಉಸಿರಾಟದ ಅಳತೆ. ಆದರೆ ಸಂಜೆ ಆರರಿಂದ ಒಂಬತ್ತರವರೆಗೆ ಗಂಟೆಗೆ 0.83ರಷ್ಟು ಇಳಿದದ್ದು ಬೆಳಗಿನ ಜಾವ ಗಂಟೆಗೆ 0.5ಕ್ಕೆ ನಿಧಾನವಾಗಿದೆ. ಸಂಜೆ ನೀರಿನಲ್ಲಿ ತಣಿವಿಗಿಂತ ಹೆಚ್ಚಿದ್ದ ಆಮ್ಲಜನಕ ಗಾಳಿಗೆ ಹೊರಟುಹೋಗುತ್ತಿತ್ತು, ಬೆಳಗಿನ ಜಾವ ಗಾಳಿಯಿಂದ ನೀರಿಗೆ ಬರುತ್ತಿತ್ತು. ವ್ಯತ್ಯಾಸದ ಒಂದು ಮುಖ್ಯ ಕಾರಣ ಇದು. ಆದ್ದರಿಂದ ಮಟ್ಟವು ತಣಿವಿಗೆ ಹತ್ತಿರವಿರುವ ಅವಧಿಯನ್ನು ಆರಿಸಿ. ಇಲ್ಲಿ ಒಂಬತ್ತರಿಂದ ಹನ್ನೆರಡರವರೆಗೆ ಗಂಟೆಗೆ 0.7. ಇಪ್ಪತ್ತನಾಲ್ಕು ಗಂಟೆಗೆ ಉಸಿರಾಟ 16.8. ಹಗಲಿನಲ್ಲಿ ಮಟ್ಟ 3.4ರಿಂದ 10.6ಕ್ಕೆ, ಅಂದರೆ 7.2ರಷ್ಟು ಏರಿದೆ, ಆ ಹನ್ನೆರಡು ಗಂಟೆಗಳಲ್ಲಿ ಉಸಿರಾಟಕ್ಕೆ ಹೋದ 8.4ನ್ನು ಕೂಡಿಸಿದರೆ ಒಟ್ಟು ತಯಾರಿ 15.6. ತಯಾರಿಗಿಂತ ಬಳಕೆ ತುಸು ಹೆಚ್ಚು. ಇಷ್ಟು ಸಣ್ಣ ಅಂತರದಿಂದ ದೊಡ್ಡ ತೀರ್ಮಾನ ಮಾಡಬಾರದು, ಇದು ಅಂದಾಜು ಲೆಕ್ಕ. ಆದರೆ ಮುಂಜಾವಿನ 2.8 ಅಂದಾಜಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ ಮೀನುಗಾರಿಕೆಗೆ ಮತ್ತು ವನ್ಯಜೀವಿಗಳಿಗೆ ತಕ್ಕ 'ಡಿ' ದರ್ಜೆಯ ನೀರಿಗೆ ಕನಿಷ್ಠ 4 ಮಿಲಿಗ್ರಾಂ ಬೇಕು. ಈ ಕೆರೆ ಮಧ್ಯಾಹ್ನದ ಅಳತೆಯಲ್ಲಿ ಸುಲಭವಾಗಿ ಪಾಸಾಗಿ, ಮುಂಜಾವಿನಲ್ಲಿ ಸೋಲುತ್ತದೆ.

ಹಂತ 11: ರೇಖೆಯ ಆಕಾರವನ್ನು ಓದುವುದು

ಹೊತ್ತನ್ನು ಅಡ್ಡಕ್ಕೂ ಆಮ್ಲಜನಕವನ್ನು ಉದ್ದಕ್ಕೂ ಇಟ್ಟು ಗ್ರಾಫ್ ಬರೆಯಿರಿ, ಅದರ ಮೇಲೆ ಆಯಾ ಉಷ್ಣತೆಯ ತಣಿವಿನ ಮಟ್ಟವನ್ನು ಚುಕ್ಕೆಗೆರೆಯಲ್ಲಿ ಎಳೆಯಿರಿ. ರೇಖೆ ಆ ಚುಕ್ಕೆಗೆರೆಯ ಆಸುಪಾಸಿನಲ್ಲೇ ಒಂದೆರಡು ಮಿಲಿಗ್ರಾಂ ಏರಿಳಿದರೆ ಕೆರೆಯಲ್ಲಿ ಪೋಷಕಾಂಶದ ಹೊರೆ ಕಡಿಮೆ. ಮೇಲಿನ ಉದಾಹರಣೆಯಂತೆ ಬೆಟ್ಟ ಕಣಿವೆಯಾಗಿದ್ದರೆ ಪಾಚಿ ಮಿತಿಮೀರಿದೆ, ಒಂದು ದಿನ ದಟ್ಟ ಮೋಡ ಕವಿದರೂ ಮರುದಿನ ಮುಂಜಾವಿಗೆ ಅಪಾಯ. ಹಗಲೂ ರಾತ್ರಿಯೂ ಕೆಳಗೇ ಮಲಗಿದ ರೇಖೆ ಕಚ್ಚಾ ಕೊಳಚೆಯನ್ನೋ ಪೂರ್ತಿ ಹಬ್ಬಿದ ಜಲಕುಂಭಿಯನ್ನೋ ಸೂಚಿಸುತ್ತದೆ. ಜಲಕುಂಭಿ ತಾನು ತಯಾರಿಸಿದ ಆಮ್ಲಜನಕವನ್ನು ಗಾಳಿಗೆ ಬಿಡುತ್ತದೆ, ನೀರಿಗೆ ಕೊಡುವುದು ನೆರಳನ್ನು. ಮೇಲಿನ ರೇಖೆ ಎತ್ತರದಲ್ಲಿದ್ದು ತಳದ್ದು ಸೊನ್ನೆಯಲ್ಲಿದ್ದರೆ ನೀರು ಪದರಗಟ್ಟಿದೆ. ಜೋರು ಗಾಳಿಮಳೆಗೆ ಆ ಪದರ ಮಗುಚಿದಾಗ ತಳದ ಉಸಿರಿಲ್ಲದ ನೀರು ಇಡೀ ಕೆರೆಗೆ ಬೆರೆಯುತ್ತದೆ, ಮಳೆ ಕಾಲುವೆಗಳಿಂದ ತೊಳೆದು ತಂದ ಕಸವೂ ಅದಕ್ಕೆ ಸೇರುತ್ತದೆ. ಮೊದಲ ಮಳೆಯ ಮರುದಿನ ಮೀನು ಸಾಯುವುದು ಹೆಚ್ಚಾಗಿ ಹೀಗೆ.

ಹಂತ 12: ಮತ್ತೆ ಯಾವಾಗ

ಒಂದು ದಿನದ ರೇಖೆ ಆ ದಿನದ್ದು ಮಾತ್ರ. ವರ್ಷಕ್ಕೆ ಕನಿಷ್ಠ ಮೂರು ಬಾರಿ ಅಳೆಯಿರಿ: ನೀರು ತಗ್ಗಿ ಬಿಸಿಲೇರಿದ ಏಪ್ರಿಲ್‌ನಲ್ಲಿ, ಕೆರೆ ತುಂಬಿದ ಅಕ್ಟೋಬರ್ ನವೆಂಬರಿನಲ್ಲಿ, ಚಳಿಯ ಜನವರಿಯಲ್ಲಿ. ಸಾಧ್ಯವಾದರೆ ಏಪ್ರಿಲ್‌ನಲ್ಲಿ ಒಂದು ಬಿಸಿಲಿನ ದಿನ ಮತ್ತು ಒಂದು ಮೋಡದ ದಿನ ಎರಡನ್ನೂ ಹಿಡಿಯಿರಿ. ಪ್ರತಿ ಬಾರಿಯೂ ಅದೇ ತಾಣ, ಅದೇ ಆಳ, ಅದೇ ಒಂಬತ್ತು ಸುತ್ತು.

ಗ್ರಾಫಿನ ಒಂದು ಪ್ರತಿಯನ್ನು ಮೀನುಗಾರರಿಗೆ ಕೊಟ್ಟು, ಮುಂಜಾವಿನ ಬಿಂದುವಿಗೆ ಕೆಂಪು ಗುರುತು ಹಾಕಿ ತೋರಿಸಿ. ಮೋಡ ಕವಿದ ಸಂಜೆಗಳಲ್ಲಿ ಮೀನಿಗೆ ಮೇವು ಹಾಕುವುದನ್ನು ನಿಲ್ಲಿಸಲು, ಗಾಳಿಯಂತ್ರವಿದ್ದರೆ ನಡುರಾತ್ರಿಯಿಂದಲೇ ಓಡಿಸಲು ಅವರಿಗೆ ಬೇಕಾಗಿರುವುದು ಆ ಒಂದು ಬಿಂದು.